ರಮ್ ಪರಿಮಳದ ಫ್ಲೇವರ್ ಸಾರ: ವೇಪ್ ದ್ರವಕ್ಕೆ ಬೆರೆಸುವ ಮೊದಲು ಪರೀಕ್ಷಿಸುವ ಕ್ರಮ

ಬ್ರಿಟನ್ನಿನಲ್ಲಿ ನೆಲೆಸಿ, ಸಿಗರೇಟು ಬಿಡುವ ಸಲುವಾಗಿ ವೇಪ್ (ದ್ರವವನ್ನು ಕಾಯಿಸಿ ಅದರ ಆವಿ ಎಳೆಯುವ ಇ-ಸಿಗರೇಟು) ಹಿಡಿದು, ಈಗ ದ್ರವವನ್ನೂ ಮನೆಯಲ್ಲೇ ಬೆರೆಸಿಕೊಳ್ಳುತ್ತಿರುವ ಓದುಗರಿಂದ ಬರುವ ದೂರುಗಳಲ್ಲಿ ರಮ್, ವಿಸ್ಕಿ, ಬ್ರಾಂದಿ ಪರಿಮಳದ ಸಾರಗಳದ್ದೇ ದೊಡ್ಡ ಪಾಲು. ಬಾಟಲಿಯ ಮುಚ್ಚಳ ತೆಗೆದಾಗ ಘಮಘಮಿಸಿದ ಸಾರ ಟ್ಯಾಂಕಿಗೆ ಇಳಿದ ಮೇಲೆ ಗಂಟಲು ಸುಡುತ್ತದೆ, ಉಗುರುಬಣ್ಣ ಅಳಿಸುವ ದ್ರವದಂತೆ ನಾರುತ್ತದೆ, ಎರಡೇ ದಿನದಲ್ಲಿ ಕಾಯಿಲ್, ಅಂದರೆ ದ್ರವವನ್ನು ಕಾಯಿಸುವ ತಂತಿಸುರುಳಿ, ಕರಿಗಟ್ಟುತ್ತದೆ. ಸಾರ ಕೆಟ್ಟದ್ದೆಂದು ಅದನ್ನು ಚೆಲ್ಲಿ, ಇನ್ನೊಂದು ಕಂಪನಿಯದ್ದನ್ನು ತಂದು, ಮತ್ತೆ ಅದೇ ಫಲ ಪಡೆದವರೂ ಇದ್ದಾರೆ. ಇವರೆಲ್ಲರೂ ಮಾಡಿದ್ದು ಒಂದೇ ತಪ್ಪು: ಕೊನೆಯಲ್ಲಿ ಮಾಡಬೇಕಾದ ಪರೀಕ್ಷೆಯನ್ನು, ಅಂದರೆ ಉಸಿರಿನ ಪರೀಕ್ಷೆಯನ್ನು, ಮೊದಲು ಮಾಡಿದರು.

ಸರಿಯಾದ ಕ್ರಮವೆಂದರೆ ಮೊದಲು ಕಾಗದಪತ್ರ, ಆಮೇಲೆ ಕಣ್ಣು, ಆಮೇಲೆ ಮೂಗು, ಆಮೇಲೆ ತಕ್ಕಡಿ, ಆಮೇಲೆ ಕಾಯುವಿಕೆ, ಕಟ್ಟಕಡೆಗೆ ಕಾಯಿಲ್. ಪ್ರತಿ ಹಂತದಲ್ಲೂ ಸಾರವನ್ನು ತಿರಸ್ಕರಿಸುವ ಅವಕಾಶ ಇರುತ್ತದೆ, ಮತ್ತು ಹಿಂದಿನ ಹಂತದಲ್ಲಿ ಸೋತ ಸಾರವನ್ನು ಮುಂದಿನ ಹಂತಕ್ಕೆ ಒಯ್ಯಬಾರದು. ಇಲ್ಲಿ ಉದಾಹರಣೆಗೆ ರಮ್ ಸಾರವನ್ನು ತೆಗೆದುಕೊಂಡಿದ್ದೇನೆ. ಬೂರ್ಬನ್, ಬ್ರಾಂದಿ, ಐರಿಶ್ ಕ್ರೀಮ್ ಬಗೆಯ ಸಾರಗಳಿಗೂ ಇದೇ ಕ್ರಮ ಹೊಂದುತ್ತದೆ.

## ಶುರು ಮಾಡುವ ಮುನ್ನ: ಯಾರಿಗೆ, ಎಲ್ಲಿ

ಈ ಮಾರ್ಗದರ್ಶಿ ಭಾರತದಲ್ಲಿರುವವರಿಗೆ ಅಲ್ಲ. 2019ರ ಎಲೆಕ್ಟ್ರಾನಿಕ್ ಸಿಗರೇಟು ನಿಷೇಧ ಕಾಯ್ದೆಯ ಪ್ರಕಾರ ಇ-ಸಿಗರೇಟುಗಳ ತಯಾರಿಕೆ, ಆಮದು, ಸಾಗಣೆ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಲ್ಲಿ ಅಪರಾಧ. ದಾಸ್ತಾನು ಬಿಟ್ಟು ಉಳಿದವಕ್ಕೆ ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಕರ್ನಾಟಕವಂತೂ ಅದಕ್ಕೂ ಮೊದಲೇ, 2016ರಲ್ಲಿ, ಇವುಗಳ ಮಾರಾಟವನ್ನು ನಿಷೇಧಿಸಿತ್ತು. ಆದ್ದರಿಂದ ಊರಿಗೆ ಹೋಗುವಾಗ ಸಾಧನವನ್ನಾಗಲಿ ದ್ರವವನ್ನಾಗಲಿ ಚೀಲದಲ್ಲಿ ಒಯ್ಯಬೇಡಿ, ಅಲ್ಲಿನ ಗೆಳೆಯರಿಗೆ ಕಳುಹಿಸಲೂ ಬೇಡಿ.

ಬ್ರಿಟನ್ನಿನಲ್ಲಿ 18 ತುಂಬಿದವರಿಗೆ ಇದು ಕಾನೂನುಬದ್ಧ. ಅಲ್ಲಿನ 2016ರ ನಿಯಮಗಳು ನಿಕೋಟಿನ್ ಇರುವ ದ್ರವದ ಪ್ರಬಲತೆಯನ್ನು ಮಿಲಿಲೀಟರಿಗೆ 20 ಮಿಲಿಗ್ರಾಂಗೂ, ಬಾಟಲಿಯ ಗಾತ್ರವನ್ನು 10 ಮಿಲಿಲೀಟರಿಗೂ ಸೀಮಿತಗೊಳಿಸುತ್ತವೆ. ಆದರೆ ನಿಕೋಟಿನ್ ಇಲ್ಲದ ಫ್ಲೇವರ್ ಸಾರ ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನಿಕೋಟಿನ್ ಇರುವ ಸಿದ್ಧ ದ್ರವದ ತಯಾರಕರು ತಮ್ಮ ಘಟಕಗಳ ವಿವರವನ್ನು ಸರ್ಕಾರಕ್ಕೆ ಮೊದಲೇ ಸಲ್ಲಿಸಬೇಕು. ಸಾರ ಮಾರುವವರಿಗೆ ಆ ಬಾಧ್ಯತೆ ಇಲ್ಲ. ಹಾಗಾಗಿ ಆ ಪರಿಶೀಲನೆಯ ಹೊಣೆ ಬೆರೆಸುವವರ ಹೆಗಲಿಗೇ ಬರುತ್ತದೆ, ಮತ್ತು ಈ ಬರಹದ ಅಗತ್ಯವೂ ಅಲ್ಲಿಂದಲೇ ಹುಟ್ಟಿದ್ದು.

ಧೂಮಪಾನ ಮಾಡದವರು ಕೇವಲ ಪರಿಮಳದ ಆಸೆಗೆ ವೇಪ್ ಶುರು ಮಾಡಬಾರದು. ಇನ್ನೊಂದು ಮಾತನ್ನೂ ಹೇಳಲೇಬೇಕು: ಕುಡಿತ ಬಿಟ್ಟು ಹೊರಬರಲು ಹೆಣಗುತ್ತಿರುವವರು ಈ ಬಗೆಯ ಸಾರಗಳನ್ನು ಮುಟ್ಟದಿರುವುದೇ ಲೇಸು. ಸಾರದಲ್ಲಿ ಮದ್ಯ ಇರಲಿ ಇಲ್ಲದಿರಲಿ, ವಾಸನೆಗೆ ನೆನಪನ್ನು ಕೆದಕುವ ಶಕ್ತಿ ಇದೆ.

## ಬೇಕಾದ ಸಲಕರಣೆಗಳು

0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ. ಹನಿ ಎಣಿಸಿ ಬೆರೆಸುವ ಪದ್ಧತಿಯಲ್ಲಿ ಒಂದು ಬಾಟಲಿಯ ಹನಿ ಇನ್ನೊಂದು ಬಾಟಲಿಯ ಹನಿಯಷ್ಟು ಇರುವುದಿಲ್ಲ, ಆದ್ದರಿಂದ ಈ ವಾರದ ಫಲಿತಾಂಶವನ್ನು ಮುಂದಿನ ವಾರ ಪುನಃ ಪಡೆಯಲು ಆಗುವುದಿಲ್ಲ. ತಕ್ಕಡಿಯ ಜೊತೆಗೆ 15 ಮಿಲಿಲೀಟರಿನ ನಾಲ್ಕಾರು ಗಾಜಿನ ಬಾಟಲಿ, ಔಷಧ ಅಂಗಡಿಯ ದರ್ಜೆಯ ಶುದ್ಧ ಪ್ರೊಪಿಲೀನ್ ಗ್ಲೈಕಾಲ್ ಮತ್ತು ತರಕಾರಿ ಮೂಲದ ಗ್ಲಿಸರಿನ್ (ಬೆರೆಸುವವರ ಬಾಯಲ್ಲಿ ಇವು ಪಿಜಿ ಮತ್ತು ವಿಜಿ), ಎರಡು ಗಾಜಿನ ಸ್ಲೈಡ್ ಅಥವಾ ಚಪ್ಪಟೆ ಗಾಜಿನ ತಟ್ಟೆ, ವಾಸನೆ ನೋಡಲು ಕಾಗದದ ಪಟ್ಟಿಗಳು, ನೈಟ್ರೈಲ್ ಕೈಗವಸು, ಹೊಸ ಹತ್ತಿ, ಮತ್ತು ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಡ್ರಿಪ್ಪರ್ (ಕಾಯಿಲಿನೊಳಗಿನ ಹತ್ತಿಗೆ ದ್ರವವನ್ನು ಹನಿಹನಿಯಾಗಿ ಹಾಕಿ ಬಳಸುವ, ಟ್ಯಾಂಕ್ ಇಲ್ಲದ ವೇಪ್ ತಲೆ) ಬೇಕು. ಅಂಟಿಸುವ ಚೀಟಿಗಳನ್ನೂ ಒಂದು ನೋಟ್ ಪುಸ್ತಕವನ್ನೂ ಮೇಜಿನ ಮೇಲಿಟ್ಟುಕೊಂಡೇ ಕುಳಿತುಕೊಳ್ಳಿ.

ಈ ಪಟ್ಟಿಯಲ್ಲಿ ನಿಕೋಟಿನ್ ಇಲ್ಲ. ಪರೀಕ್ಷೆ ಮುಗಿಯುವವರೆಗೆ ಅದು ಕಪಾಟಿನೊಳಗೇ ಇರಲಿ. ನಿಕೋಟಿನ್ ತಾನೇ ಗಂಟಲು ಕೆರೆಯುತ್ತದೆ, ಆಗ ಉರಿ ಸಾರದ್ದೋ ನಿಕೋಟಿನ್ನಿನದೋ ಎಂದು ಬೇರ್ಪಡಿಸಲು ಆಗುವುದಿಲ್ಲ.

## ಹಂತ 1: ಕಾಗದಪತ್ರ ಓದುವುದು

ಮೊದಲು ನಿರ್ಧರಿಸಬೇಕಾದ ಸಂಗತಿ, ಇದು ಯಾವ ಕೆಲಸಕ್ಕಾಗಿ ಮಾಡಿದ ಸಾರ ಎಂಬುದು. ರಮ್ ಎಂಬ ಹೆಸರು ಹೊತ್ತ ಮೂರು ಬೇರೆ ಬೇರೆ ವಸ್ತುಗಳು ಅಂಗಡಿಯಲ್ಲಿ ಸಿಗುತ್ತವೆ. ಒಂದು, ಪ್ಲಮ್ ಕೇಕಿಗೆ ಹಾಕುವ ರಮ್ ಎಸೆನ್ಸ್. ಎರಡು, ಬಣ್ಣವಿಲ್ಲದ ಮದ್ಯಕ್ಕೆ ಸುರಿದು ಮನೆಯಲ್ಲೇ ರಮ್ ಮಾಡಿಕೊಳ್ಳುವವರಿಗಾಗಿ ಮಾರುವ ಎಸೆನ್ಸ್. ಮೂರು, ವೇಪ್ ದ್ರವಕ್ಕೆಂದೇ ಮಾರುವ ಸಾರ. ಮೊದಲಿನ ಎರಡರಲ್ಲಿ ಸುಟ್ಟ ಸಕ್ಕರೆಯ ಬಣ್ಣ, ಸಕ್ಕರೆ, ಕೆಲವೊಮ್ಮೆ ಎಣ್ಣೆಯ ಅಂಶ ಇರುವ ಸಾಧ್ಯತೆ ಹೆಚ್ಚು. ಹೊಟ್ಟೆಗೆ ಅವು ಹೊಂದುತ್ತವೆ, ಶ್ವಾಸಕೋಶಕ್ಕೆ ಹೊಂದುವುದಿಲ್ಲ. ಅವನ್ನು ಇಲ್ಲಿಯೇ ಬದಿಗಿಡಿ. ಬಾಟಲಿಯ ನಿಜವಾದ ರಮ್ಮನ್ನೇ ನಾಲ್ಕು ಹನಿ ಬೆರೆಸುವ ಯೋಚನೆಯನ್ನೂ ಇದೇ ಕಾರಣಕ್ಕೆ ಕೈಬಿಡಿ.

“ಆಹಾರ ದರ್ಜೆ” ಎಂಬ ಮುದ್ರೆ ಕಂಡು ಸಮಾಧಾನಪಡುವುದು ಅತ್ಯಂತ ಸಾಮಾನ್ಯ ತಪ್ಪು. ಅಮೆರಿಕದ ಫ್ಲೇವರ್ ತಯಾರಕರ ಸಂಘವಾದ ಫೆಮಾ ಕೊಡುವ ಸುರಕ್ಷತೆಯ ಮಾನ್ಯತೆ ತಿನ್ನುವ ಪದಾರ್ಥಕ್ಕೆ ಮಾತ್ರ ಅನ್ವಯಿಸುತ್ತದೆ, ಉಸಿರಿನ ಮೂಲಕ ಸೇರುವುದಕ್ಕೆ ಅದನ್ನು ಆಧಾರವಾಗಿಸಬಾರದೆಂದು ಆ ಸಂಘವೇ ಸ್ಪಷ್ಟವಾಗಿ ಹೇಳಿದೆ. ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವ ವಸ್ತು ಶ್ವಾಸನಾಳದ ಒಳಪದರಕ್ಕೆ ತಾಗಿದಾಗ ಬೇರೆಯೇ ರೀತಿ ವರ್ತಿಸಬಹುದು.

ಇದಕ್ಕೆ ಎಲ್ಲರೂ ಎತ್ತಿ ಹೇಳುವ ಉದಾಹರಣೆ ಡೈಅಸಿಟೈಲ್. ಬೆಣ್ಣೆಯ ಪರಿಮಳ ಕೊಡುವ ಈ ವಸ್ತುವನ್ನು ತಿಂದರೆ ತೊಂದರೆಯಿಲ್ಲ. ಆದರೆ ಅಮೆರಿಕದ ಮಿಸ್ಸೂರಿ ರಾಜ್ಯದ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯೊಂದರಲ್ಲಿ ಬೆಣ್ಣೆ ಫ್ಲೇವರಿನ ಆವಿಯ ನಡುವೆ ದುಡಿದಿದ್ದ ಎಂಟು ಮಾಜಿ ಕಾರ್ಮಿಕರ ಶ್ವಾಸಕೋಶದ ಸಣ್ಣ ನಾಳಗಳು ಗುಣವಾಗದಂತೆ ಮುಚ್ಚಿಹೋಗಿದ್ದುದು 2000ರಲ್ಲಿ ಬೆಳಕಿಗೆ ಬಂತು. ಬ್ರಿಟನ್ನಿನಲ್ಲಿ ನಿಕೋಟಿನ್ ಇರುವ ಸಿದ್ಧ ವೇಪ್ ದ್ರವಗಳಲ್ಲಿ ಇದಕ್ಕೆ ನಿಷೇಧವಿದೆ. ರಮ್ ಮತ್ತು ಬೂರ್ಬನ್ ಸಾರಗಳ ವಿಷಯದಲ್ಲಿ ನಾವು ಹೆಚ್ಚು ಎಚ್ಚರದಿಂದ ಇರಬೇಕಾದ ಕಾರಣವೆಂದರೆ, ಬೆಲ್ಲದ ಪಾಕ, ಬೆಣ್ಣೆ, ಕ್ಯಾರಮೆಲ್‌ಗಳ ದುಂಡಗಿನ ರುಚಿಯನ್ನು ಮೂಡಿಸಲು ಫ್ಲೇವರ್ ತಯಾರಕರು ಬಳಸುತ್ತ ಬಂದಿರುವುದು ಇದೇ ಕುಟುಂಬದ ವಸ್ತುಗಳನ್ನು.

ತಯಾರಕರ ಜಾಲತಾಣದಿಂದ ಸುರಕ್ಷತಾ ದತ್ತಾಂಶ ಪತ್ರವನ್ನು, ಅಂದರೆ ಎಸ್‌ಡಿಎಸ್ ಅನ್ನು, ಇಳಿಸಿಕೊಳ್ಳಿ. ಅದರ ಮೂರನೆಯ ಭಾಗದಲ್ಲಿ ಘಟಕಗಳ ಹೆಸರಿನೊಂದಿಗೆ ಸಿಎಎಸ್ ಸಂಖ್ಯೆ, ಅಂದರೆ ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ, ಇರುತ್ತದೆ. ಹೆಸರಿಗಿಂತ ಸಂಖ್ಯೆಯನ್ನು ನಂಬಿ, ಏಕೆಂದರೆ ಒಂದೇ ವಸ್ತುವಿಗೆ ನಾಲ್ಕಾರು ಹೆಸರುಗಳಿರುತ್ತವೆ. ಹುಡುಕಬೇಕಾದ ಸಂಖ್ಯೆಗಳು ಇವು:

- 431-03-8: ಡೈಅಸಿಟೈಲ್. ಇದ್ದರೆ ಸಾರವನ್ನು ತಿರಸ್ಕರಿಸಿ.
- 600-14-6: ಅಸಿಟೈಲ್ ಪ್ರೊಪಿಯೊನಿಲ್. ಡೈಅಸಿಟೈಲಿನ ಬದಲಿಗೆ ಬಂದ ಹತ್ತಿರದ ಸಂಬಂಧಿ. ಇದ್ದರೆ ತಿರಸ್ಕರಿಸಿ.
- 513-86-0: ಅಸಿಟೋಯಿನ್. ದ್ರವದಲ್ಲಿ ದಿನ ಕಳೆದಂತೆ ಇದರ ಒಂದು ಪಾಲು ಡೈಅಸಿಟೈಲ್ ಆಗಿ ಮಾರ್ಪಡಬಲ್ಲದು. ನಾನು ಇದನ್ನೂ ಒಪ್ಪುವುದಿಲ್ಲ.
- 64-17-5: ಎಥನಾಲ್, ಅಂದರೆ ಮದ್ಯಸಾರ. ತಿರಸ್ಕರಿಸಲೇಬೇಕೆಂದಿಲ್ಲ, ಆದರೆ ಪ್ರಮಾಣವನ್ನು ಬರೆದಿಟ್ಟುಕೊಳ್ಳಿ.

ಎಸ್‌ಡಿಎಸ್ ಓದಿದವರೂ ಎಡವುವ ಒಂದು ಜಾಗವಿದೆ. ಆ ಪತ್ರ ಅಪಾಯಕಾರಿಯೆಂದು ವರ್ಗೀಕರಿಸಿದ ಘಟಕಗಳನ್ನು, ಅದೂ ಒಂದು ಮಿತಿಗಿಂತ ಹೆಚ್ಚಿದ್ದಾಗ ಮಾತ್ರ, ಪಟ್ಟಿ ಮಾಡುತ್ತದೆ. ಮಿತಿಗಿಂತ ಕಡಿಮೆ ಇರುವ ವಸ್ತು ಅದರಲ್ಲಿ ಕಾಣಿಸಬೇಕೆಂದಿಲ್ಲ. ಸಕ್ಕರೆಯೂ ಸುಕ್ರಲೋಸ್ ಎಂಬ ಕೃತಕ ಸಿಹಿಕಾರಕವೂ ಅಪಾಯಕಾರಿ ವರ್ಗದಲ್ಲಿ ಇಲ್ಲದಿರುವುದರಿಂದ ಎಷ್ಟೇ ಇದ್ದರೂ ಕಾಣದಿರಬಹುದು. ಆದ್ದರಿಂದ ಪತ್ರದಲ್ಲಿ ಇಲ್ಲವೆಂದರೆ ಬಾಟಲಿಯಲ್ಲಿ ಇಲ್ಲವೆಂದು ಅರ್ಥವಲ್ಲ. ಮಾರಾಟಗಾರರಿಗೆ ಪತ್ರ ಬರೆದು ಮೂರು ಪ್ರಶ್ನೆ ಕೇಳಿ: ಮೇಲಿನ ಪಟ್ಟಿಯ ಮೊದಲ ಮೂರು ವಸ್ತುಗಳಿಗಾಗಿ (ಇವು ಕೀಟೋನ್ ಎಂಬ ವರ್ಗದವು) ಪ್ರಯೋಗಾಲಯ ಪರೀಕ್ಷೆ ನಡೆದಿದೆಯೇ, ಎಷ್ಟು ಕನಿಷ್ಠ ಪ್ರಮಾಣದವರೆಗೆ ಪತ್ತೆಹಚ್ಚುವ ಪರೀಕ್ಷೆ ಅದು, ಸಾರದಲ್ಲಿ ಸಿಹಿಕಾರಕ, ಬಣ್ಣ ಅಥವಾ ಎಣ್ಣೆ ಇದೆಯೇ. “ನಮ್ಮದು ಉತ್ತಮ ಗುಣಮಟ್ಟದ್ದು” ಎಂಬ ಉತ್ತರ ಬಂದರೆ ಅದನ್ನು ಉತ್ತರವೆಂದು ಎಣಿಸಬೇಡಿ.

ಎಸ್‌ಡಿಎಸ್‌ನ ಒಂಬತ್ತನೆಯ ಭಾಗದಲ್ಲಿ ಫ್ಲ್ಯಾಶ್ ಪಾಯಿಂಟ್ ಇರುತ್ತದೆ. ದ್ರವದ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ ಅದು. ಶುದ್ಧ ಪಿಜಿಯಲ್ಲಿ ಅದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದೆ. ನಿಮ್ಮ ಸಾರದಲ್ಲಿ ಅದು 30 ಅಥವಾ 40 ಎಂದಿದ್ದರೆ ಮದ್ಯಸಾರವೋ ಎಸ್ಟರುಗಳೆಂಬ, ಹಣ್ಣಿನ ಪರಿಮಳ ಕೊಡುವ ಬೇಗ ಆರುವ ವಸ್ತುಗಳೋ ಧಾರಾಳವಾಗಿವೆ ಎಂದು ತಿಳಿಯಿರಿ. ಅಂಥ ಸಾರ ಹೊಸದರಲ್ಲಿ ಗಂಟಲಿಗೆ ಒರಟಾಗಿರುತ್ತದೆ, ಒಲೆಯ ಹತ್ತಿರ ಇಡಲೂ ಬಾರದು.

## ಹಂತ 2: ಕಣ್ಣಿನ ಪರೀಕ್ಷೆ

ಬಾಟಲಿಯನ್ನು ಅಲುಗಿಸದೆ ಬೆಳಕಿಗೆ ಹಿಡಿಯಿರಿ. ತೆಳು ಹಳದಿ ಅಥವಾ ತಿಳಿ ಕಂದು ಸಹಜ. ಚಹಾ ಡಿಕಾಕ್ಷನ್ನಿನಷ್ಟು ಕಪ್ಪಾಗಿದ್ದರೆ ಸುಟ್ಟ ಸಕ್ಕರೆಯ ಬಣ್ಣ ಸೇರಿರಬಹುದು. ತಳದಲ್ಲಿ ಗಸಿ, ಮೇಲೆ ಬೇರೆ ಪದರ, ಗಾಜಿನ ಒಳಗೋಡೆಗೆ ಹತ್ತಿದ ಹರಳು ಕಂಡರೆ ಮುಂದಿನ ಎರಡು ಚಿಕ್ಕ ಪರೀಕ್ಷೆಗಳನ್ನು ಇನ್ನಷ್ಟು ಗಮನವಿಟ್ಟು ಮಾಡಿ.

ಎಣ್ಣೆಯ ಪರೀಕ್ಷೆಗೆ ಎರಡು ಗಾಜಿನ ಲೋಟ ಬೇಕು. ಒಂದರಲ್ಲಿ ಉಗುರುಬೆಚ್ಚಗಿನ ನೀರು, ಇನ್ನೊಂದರಲ್ಲಿ ಸ್ವಲ್ಪ ಪಿಜಿ ಹಾಕಿ, ಎರಡಕ್ಕೂ ಮೂರು ಹನಿ ಸಾರ ಬಿಡಿ. ಪಿಜಿಯಲ್ಲಿ ಅದು ಪೂರ್ತಿ ಕರಗಿ ತಿಳಿಯಾಗಬೇಕು. ಕದಡಿದರೆ ಆ ಸಾರ ಬೇಡ. ನೀರು ತುಸು ಮಬ್ಬಾದರೆ ಗಾಬರಿ ಬೇಡ, ಪಿಜಿಯಲ್ಲಿ ಕರಗಿದ್ದ ಕೆಲವು ಪರಿಮಳದ ಘಟಕಗಳು ನೀರಿನಲ್ಲಿ ಕರಗದೆ ಹಾಗೆ ಕಾಣುತ್ತವೆ. ಆದರೆ ನೀರಿನ ಮೇಲೆ ಮಿನುಗುವ ಪೊರೆ ತೇಲಿ, ಸಾರಿನ ಮೇಲಿನ ಒಗ್ಗರಣೆ ಎಣ್ಣೆಯಂತೆ ಕಣ್ಣುಕಣ್ಣಾಗಿ ಒಡೆದು ನಿಂತರೆ ಅದು ಎಣ್ಣೆ. ಎಣ್ಣೆಯ ಆವಿ ಶ್ವಾಸಕೋಶದೊಳಗೆ ಸೇರಿದರೆ ಲಿಪಾಯ್ಡ್ ನ್ಯುಮೋನಿಯಾ ಆಗಬಹುದು. 2019ರಲ್ಲಿ ಅಮೆರಿಕದ ವೇಪ್ ಬಳಕೆದಾರರಲ್ಲಿ ಹಬ್ಬಿದ ಶ್ವಾಸಕೋಶದ ತೀವ್ರ ಗಾಯದ ಪ್ರಕರಣಗಳು 2020ರ ಫೆಬ್ರವರಿ ಹೊತ್ತಿಗೆ 2,807ಕ್ಕೆ ಮುಟ್ಟಿದ್ದವು, 68 ಮಂದಿ ತೀರಿಕೊಂಡಿದ್ದರು. ಅಲ್ಲಿ ಮುಖ್ಯವಾಗಿ ಸಿಕ್ಕಿಬಿದ್ದದ್ದು ಗಾಂಜಾ ಸತ್ವದ ದ್ರವಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು. ಫ್ಲೇವರ್ ಸಾರಗಳಿಗೂ ಆ ಘಟನೆಗೂ ನೇರ ನಂಟಿಲ್ಲ, ಆದರೆ ಎಣ್ಣೆಗೆ ಶ್ವಾಸಕೋಶದಲ್ಲಿ ಜಾಗವಿಲ್ಲ ಎಂಬುದು ಎರಡಕ್ಕೂ ಸಲ್ಲುತ್ತದೆ.

ಸಿಹಿಯ ಪರೀಕ್ಷೆಗೆ ಗಾಜಿನ ಸ್ಲೈಡಿನ ಒಂದು ತುದಿಯಲ್ಲಿ ಸಾರದ ಒಂದು ಹನಿ, ಇನ್ನೊಂದು ತುದಿಯಲ್ಲಿ ಅಷ್ಟೇ ಗಾತ್ರದ ಶುದ್ಧ ಪಿಜಿಯ ಹನಿ ಇಟ್ಟು, ಧೂಳು ಬೀಳದ ಬೆಚ್ಚಗಿನ ಜಾಗದಲ್ಲಿ ಬಿಡಿ; ಚಳಿಗಾಲದಲ್ಲಾದರೆ ಮನೆಯ ರೇಡಿಯೇಟರಿನ ಮೇಲಿನ ಹಲಗೆ ಸಾಕು. ಪಿಜಿ ನಿಧಾನವಾಗಿ ಆರುತ್ತದೆ, ಹಲವು ದಿನ ಹಿಡಿಯಬಹುದು. ಪಿಜಿಯ ಹನಿ ಮಾಯವಾದ ಮೇಲೂ ಸಾರದ ಜಾಗದಲ್ಲಿ ಬೆರಳಿಗೆ ಅಂಟುವ ಕಂದು ಕಲೆಯೋ ಹರಳೋ ಉಳಿದರೆ, ಅದೇ ನಿಮ್ಮ ಕಾಯಿಲಿನ ಮೇಲೆ ಸುಟ್ಟು ಕರಿಯಾಗಲಿರುವ ಪದಾರ್ಥ. ಒಂದೇ ವಿನಾಯಿತಿ: ಸಾರವನ್ನು ವಿಜಿಯಲ್ಲಿ ಕರಗಿಸಿದ್ದರೆ ಅದು ಬೇಗ ಆರುವುದಿಲ್ಲ, ಅಂಟಂಟಾಗಿಯೇ ಇರುತ್ತದೆ. ಹಾಗಿದ್ದರೆ ಪಿಜಿಯ ಬದಲು ವಿಜಿಯ ಹನಿಯನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು.

ಚಮಚದಲ್ಲಿ ಸಾರವನ್ನು ಕಾಯಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ಅದನ್ನು ಮಾಡಬೇಡಿ. ಮದ್ಯಸಾರ ಇದ್ದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಏಳುವ ಹೊಗೆ ನೇರ ಮುಖಕ್ಕೇ ಬರುತ್ತದೆ.

## ಹಂತ 3: ಮೂಗಿನ ಪರೀಕ್ಷೆ

ಸಾರವನ್ನು ಬಾಟಲಿಯಿಂದಲೇ ಮೂಸಿ ತೀರ್ಪು ಕೊಟ್ಟವರಿಗೆ ಸರಿಯಾದ ತೀರ್ಪು ಸಿಕ್ಕಿದ್ದು ಕಡಿಮೆ. ಗಾಢ ಸಾರದಲ್ಲಿ ಬೇಗ ಹಾರುವ ಘಟಕಗಳು ಮೂಗನ್ನು ತುಂಬಿ, ನಿಧಾನವಾಗಿ ಏಳುವ ಘಟಕಗಳನ್ನು ಮರೆಮಾಡುತ್ತವೆ. ಆದ್ದರಿಂದ 1 ಗ್ರಾಂ ಸಾರಕ್ಕೆ 9 ಗ್ರಾಂ ಪಿಜಿ ಸೇರಿಸಿ, ಚೆನ್ನಾಗಿ ಕುಲುಕಿ, ಶೇ 10ರ ತೆಳು ಸಾರ ಮಾಡಿಕೊಳ್ಳಿ. ಈ ಬಾಟಲಿ ಮುಂದೆ ಎರಡು ಸಲ ಬೇಕಾಗುತ್ತದೆ, ಅದಕ್ಕೆ ದಿನಾಂಕ ಮತ್ತು ಬ್ಯಾಚ್ ಸಂಖ್ಯೆಯ ಚೀಟಿ ಅಂಟಿಸಿ.

ಕಾಗದದ ಪಟ್ಟಿಯ ತುದಿಯನ್ನು ಅದರಲ್ಲಿ ಅದ್ದಿ, ತಕ್ಷಣ ಒಮ್ಮೆ, ಅರ್ಧ ಗಂಟೆಯ ಬಳಿಕ ಒಮ್ಮೆ, ನಾಲ್ಕು ಗಂಟೆಯ ಬಳಿಕ ಮತ್ತೊಮ್ಮೆ ಮೂಸಿ. ಪ್ರತಿ ಸಲವೂ ನಿಮಗೆ ಪರಿಚಯವಿರುವ ವಾಸನೆಯ ಹೆಸರಿನಲ್ಲೇ ಬರೆಯಿರಿ. “ಚೆನ್ನಾಗಿದೆ”, “ಸ್ಮೂತ್ ಆಗಿದೆ” ಎಂದು ಬರೆದರೆ ಮೂರು ವಾರದ ನಂತರ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ಪುಸ್ತಕದಲ್ಲಿ ರಮ್ ಸಾರಗಳಿಗೆ ಮತ್ತೆ ಮತ್ತೆ ಬರುವ ಪದಗಳು ಹೀಗಿವೆ. ಕಳಿತ ಬಾಳೆಹಣ್ಣು, ಅನಾನಸು: ಇವು ಎಸ್ಟರುಗಳು, ಮೊದಲ ಅರ್ಧ ಗಂಟೆಯಲ್ಲಿ ಜೋರಾಗಿದ್ದು ಇಳಿಯುತ್ತವೆ. ಉಗುರುಬಣ್ಣ ಅಳಿಸುವ ದ್ರವ: ಬಹುಮಟ್ಟಿಗೆ ಈಥೈಲ್ ಅಸಿಟೇಟ್, ಅದೂ ಬೇಗ ಹಾರಿಹೋಗಬೇಕು. ಜೋನಿ ಬೆಲ್ಲ, ಆಲೆಮನೆಯ ಕೊಪ್ಪರಿಗೆ: ರಮ್ಮಿನ ನಡುಭಾಗ, ಒಳ್ಳೆಯ ಸಾರದಲ್ಲಿ ಇದು ನಾಲ್ಕು ಗಂಟೆಯ ನಂತರವೂ ಇರುತ್ತದೆ. ಕೊಬ್ಬರಿ, ಹೊಸ ಮರದ ಪೆಟ್ಟಿಗೆ: ಓಕ್ ಪೀಪಾಯಿಯ ಗುರುತಾದ ವಿಸ್ಕಿ ಲ್ಯಾಕ್ಟೋನ್. ಲವಂಗ ಮತ್ತು ವೆನಿಲಾ ತಳದಲ್ಲಿ ಉಳಿಯುತ್ತವೆ.

ಎಚ್ಚರಿಕೆಯ ಗುರುತು ಎರಡು. ನಾಲ್ಕು ಗಂಟೆಯ ಪಟ್ಟಿಯಲ್ಲಿ ವೆನಿಲಾ ಬಿಟ್ಟು ಬೇರೇನೂ ಇಲ್ಲವಾದರೆ ಅದು ರಮ್ಮಿನ ವೇಷದ ವೆನಿಲಾ ಸಾರ, ಬೆಲೆ ತೆರಲು ಯೋಗ್ಯವಲ್ಲ. ಇನ್ನು, ಬೆಣ್ಣೆ ಕಾಯಿಸುವಾಗಿನ ವಾಸನೆ ಎದ್ದು ಕಂಡರೆ ಒಂದನೆಯ ಹಂತಕ್ಕೆ ಮರಳಿ, ಕೀಟೋನ್ ಪರೀಕ್ಷೆಯ ಲಿಖಿತ ಉತ್ತರ ಬರುವವರೆಗೆ ಅಲ್ಲಿಯೇ ನಿಲ್ಲಿ. ಆದರೆ ಬೆಣ್ಣೆಯ ವಾಸನೆ ಇಲ್ಲ ಎಂದ ಮಾತ್ರಕ್ಕೆ ಕೀಟೋನ್ ಇಲ್ಲವೆಂದು ಮೂಗು ಪ್ರಮಾಣಪತ್ರ ಕೊಡಲಾರದು.

## ಹಂತ 4: ಮೂರು ಪ್ರಬಲತೆಗಳಲ್ಲಿ ಬೆರೆಸುವುದು

ಇಲ್ಲಿ ಬೇರೆ ಯಾವ ಫ್ಲೇವರನ್ನೂ ಸೇರಿಸಬಾರದು. ತಂಬಾಕು, ಕಸ್ಟರ್ಡ್, ಕಾಫಿ ಜೊತೆಗೆ ಸೇರಿಸಿ ನೋಡುವ ಆತುರವೇ ಬಹಳ ಜನರ ತಿಂಗಳ ಶ್ರಮವನ್ನು ಹಾಳು ಮಾಡಿದೆ, ಏಕೆಂದರೆ ಐದು ಸಾರ ಸೇರಿದ ದ್ರವ ಕೆಟ್ಟರೆ ಕೆಡಿಸಿದ್ದು ಯಾವುದೆಂದು ಹೇಳಲಾಗದು.

ಶೇ 70 ವಿಜಿ, ಶೇ 30 ಪಿಜಿ ಅನುಪಾತದಲ್ಲಿ ತಲಾ 10 ಮಿಲಿಲೀಟರಿನ ಮೂರು ಮಾದರಿ ಸಾಕು. ಪಿಜಿ ಮಿಲಿಲೀಟರಿಗೆ 1.036 ಗ್ರಾಂ, ವಿಜಿ 1.26 ಗ್ರಾಂ ತೂಗುತ್ತವೆ. ಸಾರವನ್ನು ಸುಮಾರು 1 ಗ್ರಾಂ ಎಂದು ಹಿಡಿಯಬಹುದು. ಆ ಲೆಕ್ಕದಲ್ಲಿ ತಕ್ಕಡಿಯ ಮೇಲೆ ಹಾಕಬೇಕಾದ ತೂಕ ಹೀಗೆ:

- ಶೇ 1: ಶೇ 10ರ ತೆಳು ಸಾರ 1.00 ಗ್ರಾಂ, ಪಿಜಿ 2.10 ಗ್ರಾಂ, ವಿಜಿ 8.82 ಗ್ರಾಂ
- ಶೇ 2.5: ಮೂಲ ಸಾರ 0.25 ಗ್ರಾಂ, ಪಿಜಿ 2.85 ಗ್ರಾಂ, ವಿಜಿ 8.82 ಗ್ರಾಂ
- ಶೇ 5: ಮೂಲ ಸಾರ 0.50 ಗ್ರಾಂ, ಪಿಜಿ 2.59 ಗ್ರಾಂ, ವಿಜಿ 8.82 ಗ್ರಾಂ

ಮೊದಲನೆಯದಕ್ಕೆ ತೆಳು ಸಾರ ಏಕೆಂದರೆ, ಅಲ್ಲಿ ಬೇಕಾದ ಮೂಲ ಸಾರ ಕೇವಲ 0.10 ಗ್ರಾಂ. ತಕ್ಕಡಿ 0.01 ಗ್ರಾಂ ಅತ್ತಿತ್ತ ಆದರೂ ಹತ್ತಕ್ಕೆ ಒಂದರಷ್ಟು ತಪ್ಪಾಗುತ್ತದೆ. ತೆಳು ಸಾರದಲ್ಲಿ ಅದೇ ತಪ್ಪು ನೂರಕ್ಕೆ ಒಂದಕ್ಕೆ ಇಳಿಯುತ್ತದೆ.

ಹಾಕುವ ಕ್ರಮ: ಮೊದಲು ಸಾರ, ನಂತರ ಪಿಜಿ, ಕೊನೆಗೆ ವಿಜಿ, ಪ್ರತಿಯೊಂದರ ಬಳಿಕ ತಕ್ಕಡಿಯನ್ನು ಸೊನ್ನೆಗೆ ತರುವುದು. ವಿಜಿ ಮೊದಲು ಹಾಕಿದರೆ ಅದರ ಮಂದತೆಯಲ್ಲಿ ಸಾರ ಹರಡಲು ಬಹಳ ಹೊತ್ತು ಬೇಕು. ಬಾಟಲಿಯಲ್ಲಿ ಸ್ವಲ್ಪ ಖಾಲಿ ಜಾಗವಿದ್ದರೆ ಕುಲುಕಲು ಸುಲಭ, ಅದಕ್ಕೇ 15 ಮಿಲಿಲೀಟರಿನದನ್ನು ಹೇಳಿದ್ದು.

## ಹಂತ 5: ಕಾಯುವುದು

ಹಣ್ಣಿನ ಸಾರಗಳನ್ನು ಮರುದಿನವೇ ನೋಡಬಹುದು. ಮದ್ಯದ ಪರಿಮಳದ ಸಾರಗಳಿಗೆ ಮರುದಿನದ ತೀರ್ಪು ಅನ್ಯಾಯವಾಗುತ್ತದೆ. ಮದ್ಯಸಾರವೂ ಹಗುರ ಎಸ್ಟರುಗಳೂ ಮುಂದೆ ನಿಂತಿರುವಷ್ಟು ದಿನ ಒರಟುತನವೇ ಕಾಣುತ್ತದೆ, ಬೆಲ್ಲ ಮತ್ತು ಮರದ ಗುಣ ಹಿಂದೆಯೇ ಉಳಿದಿರುತ್ತದೆ. ವೆನಿಲಿನ್‌ನಂಥ ಆಲ್ಡಿಹೈಡುಗಳು ಪಿಜಿಯೊಡನೆ ನಿಧಾನವಾಗಿ ವರ್ತಿಸಿ ಅಸಿಟಾಲ್ ಎಂಬ ಹೊಸ ಸಂಯುಕ್ತಗಳಾಗುತ್ತವೆ. ಆದ್ದರಿಂದ ಮೂರನೆಯ ವಾರದ ದ್ರವದಲ್ಲಿರುವುದು ಮೊದಲ ದಿನದ ವಸ್ತುಗಳೇ ಎಂದು ಭಾವಿಸಬಾರದು.

ನಾನು ನೋಡುವ ದಿನಗಳು 1, 7, 21. ಬಾಟಲಿಗಳನ್ನು ಕತ್ತಲೆಯ ಕಪಾಟಿನಲ್ಲಿ ಕೋಣೆಯ ಉಷ್ಣಾಂಶದಲ್ಲಿಡಿ, ದಿನಕ್ಕೊಮ್ಮೆ ಕುಲುಕಿ. ಬಿಸಿನೀರಿನಲ್ಲಿಟ್ಟು ಬೇಗ ಹದ ಬರಿಸುವ ಉಪಾಯವನ್ನು ಈ ಸಾರಗಳಿಗೆ ಬಳಸಬೇಡಿ. ಪರಿಮಳವೇ ಮೊದಲು ಹೊರಟುಹೋಗುತ್ತದೆ. ಎಸ್‌ಡಿಎಸ್‌ನಲ್ಲಿ ಮದ್ಯಸಾರ ಹೆಚ್ಚಿದ್ದರೆ ಮಾತ್ರ ಮುಚ್ಚಳ ತೆಗೆದು ಒಂದೆರಡು ಗಂಟೆ ಗಾಳಿಯಾಡಲು ಬಿಡಬಹುದು.

ಏಳನೆಯ ದಿನ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ. ಬಣ್ಣ ಸ್ವಲ್ಪ ಗಾಢವಾಗುವುದು ವೆನಿಲಿನ್ ಇರುವ ಸಾರದಲ್ಲಿ ಸಾಮಾನ್ಯ. ತಿಳಿಯಾಗಿದ್ದದ್ದು ಕದಡಿದರೆ ಅಥವಾ ಪದರ ಬೇರ್ಪಟ್ಟರೆ ಅಲ್ಲಿಗೇ ಮುಗಿಯಿತು, ಕುಲುಕಿ ಸರಿಪಡಿಸಿ ಮುಂದುವರಿಯಬೇಡಿ.

## ಹಂತ 6: ಕಾಯಿಲ್ ಪರೀಕ್ಷೆ

ಇಲ್ಲಿಯವರೆಗೆ ಉಳಿದುಬಂದ ಸಾರಕ್ಕೆ ಮಾತ್ರ ಈ ಹಂತ. ಹಳೆಯ ಫ್ಲೇವರಿನ ವಾಸನೆ ಉಳಿದ ಕಾಯಿಲ್ ಬಳಸಿದರೆ ಪರೀಕ್ಷೆಗೆ ಅರ್ಥವಿಲ್ಲ, ಆದ್ದರಿಂದ ಡ್ರಿಪ್ಪರನ್ನು ಬಿಚ್ಚಿ ತೊಳೆದು, ಒಣಗಿಸಿ, ಹೊಸ ಹತ್ತಿ ಹಾಕಿ. ಪ್ಲಾಸ್ಟಿಕ್ ಟ್ಯಾಂಕ್ ಬೇಡ. ಎಸ್ಟರುಗಳು ಕೆಲವು ಪ್ಲಾಸ್ಟಿಕ್‌ಗಳಲ್ಲಿ ಬಿರುಕು ಮೂಡಿಸಬಲ್ಲವು. ಸುಮಾರು 1 ಓಮಿನ ಸರಳ ಕಾಯಿಲ್, 12ರಿಂದ 15 ವ್ಯಾಟ್ ಸಾಕು. ಹೆಚ್ಚು ವ್ಯಾಟಿನಲ್ಲಿ ಯಾವ ಸಾರವೂ ಒರಟೇ.

ಶೇ 1ರ ಮಾದರಿಯಿಂದ ಶುರು ಮಾಡಿ. ಮೊದಲ ಎಳೆತವನ್ನು ಶ್ವಾಸಕೋಶಕ್ಕೆ ಇಳಿಸದೆ ಬಾಯಲ್ಲೇ ಹಿಡಿದು ಬಿಡಿ. ತೊಂದರೆಯಿಲ್ಲವೆನಿಸಿದರೆ ಎರಡು ಮೂರು ಚಿಕ್ಕ ಎಳೆತ, ಅಷ್ಟೇ. ನೀರು ಕುಡಿದು, ಕಾಲು ಗಂಟೆ ಬಿಟ್ಟು, ಹತ್ತಿ ಬದಲಿಸಿ ಮುಂದಿನ ಮಾದರಿಗೆ ಹೋಗಿ. ಒಂದು ಕೂತಲ್ಲಿ ಮೂರಕ್ಕಿಂತ ಹೆಚ್ಚು ಮಾದರಿ ನೋಡಿದರೆ ನಾಲಿಗೆಯೂ ಮೂಗೂ ದಣಿದು, ಕೊನೆಯದ್ದೆಲ್ಲ ಸಪ್ಪೆಯೆನಿಸುತ್ತದೆ. ಖಾರದ ಊಟದ ಬೆನ್ನಿಗೆ, ನೆಗಡಿಯಿದ್ದಾಗ ಈ ಪರೀಕ್ಷೆ ಬೇಡ.

ಎಳೆಯುವಾಗ ಬಂದ ರುಚಿ, ಹೊರಬಿಡುವಾಗ ಬಂದ ರುಚಿ, ಐದು ನಿಮಿಷದ ನಂತರ ಬಾಯಲ್ಲಿ ಉಳಿದದ್ದು, ಈ ಮೂರನ್ನು ಬೇರೆ ಬೇರೆಯಾಗಿ ಬರೆಯಿರಿ. ರಮ್ ಸಾರ ಗೆಲ್ಲುವುದೂ ಸೋಲುವುದೂ ಹೊರಬಿಡುವಾಗ. ಕಹಿ ಅಥವಾ ಸಾಬೂನಿನ ರುಚಿ ಶೇ 5ರಲ್ಲಿ ಮಾತ್ರ ಬಂದರೆ ಅದು ಪ್ರಮಾಣದ ದೋಷ. ಶೇ 1ರಲ್ಲೂ ಬಂದರೆ ಸಾರದ ದೋಷ. ಮೂರರಲ್ಲೂ ಏನೂ ತಿಳಿಯದಿದ್ದರೆ ಪ್ರಮಾಣವನ್ನು ಏರಿಸುತ್ತ ಹೋಗಬೇಡಿ. ಅಂಥ ಸಾರವನ್ನು ಶೇ 12, 15ಕ್ಕೆ ಒಯ್ಯುವುದೆಂದರೆ ಅದರೊಳಗಿನ ಪ್ರತಿಯೊಂದು ಗೊತ್ತಿಲ್ಲದ ವಸ್ತುವನ್ನೂ ಅಷ್ಟೇ ಪಟ್ಟು ಹೆಚ್ಚಾಗಿ ಉಸಿರಾಡುವುದು.

21ನೆಯ ದಿನದ ಪರೀಕ್ಷೆ ಮುಗಿದ ಮೇಲೆ, ಇಷ್ಟವಾದ ಒಂದೇ ಮಾದರಿಯ 1 ಮಿಲಿಲೀಟರನ್ನು ಹೊಸ ಹತ್ತಿಯಲ್ಲಿ ಒಂದು ದಿನದುದ್ದಕ್ಕೂ ಬಳಸಿ, ಹತ್ತಿಯನ್ನು ಹೊರತೆಗೆದು ನೋಡಿ. ತಿಳಿ ಕಂದು ಬಣ್ಣ ತೊಂದರೆಯಲ್ಲ. ಕಾಯಿಲ್ ತಗುಲಿದ ಕಡೆ ಕಪ್ಪು ಹೊಪ್ಪಳಿಕೆ ಕಟ್ಟಿದ್ದರೆ, ಕಾಗದಪತ್ರ ಏನೇ ಹೇಳಿರಲಿ, ಸಾರದಲ್ಲಿ ಸಿಹಿಕಾರಕ ಇರುವ ಸಾಧ್ಯತೆ ಹೆಚ್ಚು.

## ತಕ್ಷಣ ನಿಲ್ಲಿಸಬೇಕಾದ ಸೂಚನೆಗಳು

ಗಂಟಲಿನ ಸಣ್ಣ ಕೆರೆತ ಮತ್ತು ಎದೆಯ ಬಿಗಿತ ಒಂದೇ ಅಲ್ಲ. ಎದೆ ಬಿಗಿಯುವುದು, ಉಸಿರಾಟದಲ್ಲಿ ಸಿಳ್ಳೆಯಂಥ ಸದ್ದು, ನಿಲ್ಲದ ಕೆಮ್ಮು, ತುಟಿ ಅಥವಾ ನಾಲಿಗೆ ಊದುವುದು, ತಲೆಸುತ್ತು, ಇವುಗಳಲ್ಲಿ ಯಾವುದು ಬಂದರೂ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಇನ್ನೊಮ್ಮೆ ಎಳೆದು ಖಚಿತಪಡಿಸಿಕೊಳ್ಳುವ ಪ್ರಯತ್ನ ಬೇಡ. ಬ್ರಿಟನ್ನಿನಲ್ಲಿ 111ಕ್ಕೆ, ಉಸಿರಾಟ ಕಷ್ಟವಾದರೆ ಅಥವಾ ಬಾಯಿ ಊದಿದರೆ 999ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಎಸ್‌ಡಿಎಸ್ ಪ್ರತಿಯನ್ನೂ ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಔಷಧ ನಿಯಂತ್ರಣ ಸಂಸ್ಥೆಯಾದ ಎಂಎಚ್‌ಆರ್‌ಎ ನಡೆಸುವ ಯೆಲ್ಲೋ ಕಾರ್ಡ್ ವ್ಯವಸ್ಥೆಯಲ್ಲಿ ವೇಪ್‌ನ ಅಡ್ಡಪರಿಣಾಮಗಳನ್ನು ದಾಖಲಿಸಬಹುದು. ಅಸ್ತಮಾ ಇರುವವರು ಆರನೆಯ ಹಂತವನ್ನು ಮಾಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

## ಹಂತ 7: ಬೇರೆ ಫ್ಲೇವರುಗಳೊಡನೆ ಸೇರಿಸುವುದು, ನಂತರ ನಿಕೋಟಿನ್

ಗೆದ್ದ ಸಾರವನ್ನು ಬೇರೆ ಫ್ಲೇವರುಗಳ ಜೊತೆ ಸೇರಿಸುವಾಗ, ಒಂಟಿಯಾಗಿ ಚೆನ್ನಾಗಿದ್ದ ಪ್ರಮಾಣದ ಅರ್ಧದಿಂದ ಶುರು ಮಾಡಿ. ರಮ್ ಸಾರ ತಂಬಾಕು, ಕಾಫಿ, ಒಣದ್ರಾಕ್ಷಿಗಳ ಹಿಂದೆ ನಿಂತಾಗ ಚೆಂದ. ಮುಂದೆ ಬಂದರೆ ಉಳಿದದ್ದನ್ನು ನುಂಗುತ್ತದೆ.

ನಿಕೋಟಿನ್ ಸೇರಿಸುವುದು ಎಲ್ಲಕ್ಕಿಂತ ಕೊನೆಗೆ. ಮಿಲಿಲೀಟರಿಗೆ 18 ಮಿಲಿಗ್ರಾಂ ಇರುವ ನಿಕೋಟಿನ್ ಶಾಟ್‌ನಿಂದ (ಪರಿಮಳವಿಲ್ಲದ ನಿಕೋಟಿನ್ ದ್ರವದ ಚಿಕ್ಕ ಬಾಟಲಿ) ಮಿಲಿಲೀಟರಿಗೆ 3 ಮಿಲಿಗ್ರಾಂನ 10 ಮಿಲಿಲೀಟರ್ ದ್ರವ ಮಾಡಲು 1.67 ಮಿಲಿಲೀಟರ್ ಬೇಕು. ಶಾಟ್ ಯಾವ ಅನುಪಾತದ ಪಿಜಿ-ವಿಜಿಯಲ್ಲಿದೆಯೋ ಅಷ್ಟನ್ನು ನಿಮ್ಮ ಪಿಜಿ-ವಿಜಿಯಿಂದ ಕಳೆಯಿರಿ. ಕೈಗವಸು ಕಡ್ಡಾಯ, ಚರ್ಮದ ಮೂಲಕವೂ ಅದು ಒಳಸೇರುತ್ತದೆ. ಮಕ್ಕಳಿರುವ ಮನೆಯಲ್ಲಿ ಬೆಲ್ಲದ ಘಮವಿರುವ ನಿಕೋಟಿನ್ ಬಾಟಲಿ ಔಷಧಕ್ಕಿಂತ ಹೆಚ್ಚು ಅಪಾಯಕರ. ಬಿಗಿ ಮುಚ್ಚಳ ಹಾಕಿ, ಬೀಗವಿರುವ ಕಪಾಟಿನಲ್ಲಿಡಿ, ಅಡುಗೆಮನೆಯ ಎಸೆನ್ಸ್ ಬಾಟಲಿಗಳ ಸಾಲಿನಲ್ಲಿ ಎಂದಿಗೂ ಇಡಬೇಡಿ.

ಅದೇ ಸಾರದ ಎರಡನೆಯ ಬಾಟಲಿ ಕೊಂಡಾಗ ಮೊದಲು ಬ್ಯಾಚ್ ಸಂಖ್ಯೆ ನೋಡಿ. ಸಂಖ್ಯೆ ಬದಲಾಗಿದ್ದರೆ ಎಸ್‌ಡಿಎಸ್‌ನ ಹೊಸ ಆವೃತ್ತಿ ಬಂದಿದೆಯೇ ಎಂದು ಪರಿಶೀಲಿಸಿ, ಎರಡನೆಯ ಮತ್ತು ಮೂರನೆಯ ಹಂತಗಳನ್ನು ಮತ್ತೆ ಮಾಡಿ. ಹೋಲಿಕೆಗೆ ಹೊಸ ಬ್ಯಾಚಿನ ಶೇ 10ರ ತೆಳು ಸಾರವನ್ನು, ಚೀಟಿ ಅಂಟಿಸಿ ತಂಪಾದ ಕತ್ತಲೆಯಲ್ಲಿ ಉಳಿಸಿಕೊಂಡ ಹಳೆಯ ತೆಳು ಸಾರದ ಪಕ್ಕದಲ್ಲೇ ಇಟ್ಟು ಮೂಸಿ. ಎರಡೂ ಒಂದೇ ಎನಿಸಿದರೆ ಹಳೆಯ ಪ್ರಮಾಣದಲ್ಲೇ ಮುಂದುವರಿಯಿರಿ. ವ್ಯತ್ಯಾಸ ಕಂಡರೆ ನಾಲ್ಕನೆಯ ಹಂತದಿಂದ ಮತ್ತೆ ತೊಡಗಿ.